ಸಜ್ಜನರ ಪೆಟ್ಟಿಗೆ

ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ, ನಾಶಿಕದ ಕಾಲೇಜ್ ರೋಡಿನ ಆಫೀಸಿನಲ್ಲಿ ರಘೋತ್ತಮ ಜಾಲಿಹಾಳರು ವೈರಸ್ ತಡೆಯುವ ಪ್ರೋಗ್ರಾಮಿನ ಆ ದಿನದ ಅಪ್‌ಡೇಟನ್ನು ತಮ್ಮದೇ ಕಂಪ್ಯೂಟರಿಗೆ ಹಾಕಿ ನೋಡುತ್ತಿದ್ದರು. ಅಪ್‌ಡೇಟ್ ಬರೆದವನೇ ಮೊದಲು ಅದನ್ನು ತನ್ನ ಯಂತ್ರಕ್ಕೆ ಹಾಕಿಕೊಳ್ಳಬೇಕು, ಅದು ಮುಗಿಯುವವರೆಗೆ ಯಾರೂ ಚಹಾ ಕುಡಿಯುವಂತಿಲ್ಲ ಎಂಬುದು ಅರ್ಗಲಾ ಸಾಫ್ಟ್‌ವೇರ್ ಕಂಪನಿಯ ಪದ್ಧತಿ. ಯಂತ್ರಕ್ಕೆ ಏನೂ ಆಗಲಿಲ್ಲ. ರಘೋತ್ತಮರು ಅಪ್‌ಡೇಟನ್ನು ಗ್ರಾಹಕರಿಗೆ ಕಳಿಸಿ ಚಹಾ ತರಿಸಿದರು. ಅದು ಆರುವ ಮೊದಲೇ ಔರಂಗಾಬಾದಿನ, ಅಂದರೆ ಇಂದಿನ ಛತ್ರಪತಿ ಸಂಭಾಜಿನಗರದ, ಒಂದು ಖಾಸಗಿ ಆಸ್ಪತ್ರೆಯಿಂದ ಫೋನ್ ಬಂತು. ರಕ್ತನಿಧಿಯ ಕಂಪ್ಯೂಟರುಗಳೆಲ್ಲ ಒಟ್ಟಿಗೆ ನಿಂತಿದ್ದವು. ಅದು 2013ರ ಜುಲೈ.

ರಘೋತ್ತಮರ ತಂದೆ ವಿಜಾಪುರದವರು. ಬ್ಯಾಂಕಿನ ವರ್ಗಾವಣೆಯ ಮೇಲೆ ನಾಶಿಕಕ್ಕೆ ಬಂದು ಅಲ್ಲಿಯೇ ನೆಲೆಸಿದರು. ಮಗ ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದ. ಕಾಲೇಜಿನಲ್ಲಿ ಜೊತೆಗಿದ್ದ ಸುಧೀರನ ತಂದೆಯೂ ಆ ಕಡೆಯವರೇ, ನೋಟು ಮುದ್ರಿಸುವ ಪ್ರೆಸ್ಸಿನಲ್ಲಿ ನೌಕರಿಯಲ್ಲಿದ್ದರು. ಸುಧೀರ ಕಂಪ್ಯೂಟರ್ ರಿಪೇರಿ ಅಂಗಡಿ ಹಾಕಿದಾಗ, ಬರುವ ಯಂತ್ರಗಳಲ್ಲಿ ಅರ್ಧದಷ್ಟು ವೈರಸ್ ಹತ್ತಿದವೇ ಆಗಿದ್ದವು. ದಿನವೂ ಒಂದೇ ರೋಗಕ್ಕೆ ಕೈಯಿಂದ ಔಷಧ ಮಾಡುವ ಬದಲು ಒಂದು ಪ್ರೋಗ್ರಾಮನ್ನೇ ಬರೆಯೋಣವೆಂದು ಇಬ್ಬರೂ ಕುಳಿತರು. ಹೀಗೆ 2001ರಲ್ಲಿ ಅರ್ಗಲಾ ಹುಟ್ಟಿತು. ಬಾಗಿಲ ಅಗುಳಿಗೆ ಇರುವ ಹಳೆಯ ಹೆಸರು ಅದು.

ಕೆಲಸದ ತತ್ವ ಸರಳ. ಪ್ರತಿ ವೈರಸ್ಸಿನ ಒಡಲಿನಲ್ಲೂ ಅದಕ್ಕೆ ಮಾತ್ರ ಇರುವ ಒಂದು ಗುರುತು ಇರುತ್ತದೆ. ಆ ಗುರುತು ಯಾವ ಫೈಲಿನಲ್ಲಿ ಕಂಡರೂ ಅರ್ಗಲಾ ಅದನ್ನು ಬೀಗ ಹಾಕಿ ಕೂರಿಸುತ್ತದೆ. ಗುರುತು ಹುಡುಕಿ ಅಪ್‌ಡೇಟು ಬರೆಯುವುದು ರಘೋತ್ತಮರ ಕೆಲಸ, ಮಾರುವುದು ಸುಧೀರನದು.

ಮೊದಲ ಪೆಟ್ಟು ಬಿದ್ದದ್ದು 2003ರಲ್ಲಿ. ಔರಂಗಾಬಾದ್ ಸ್ಟೇಷನ್ನಿನ ಹತ್ತಿರ ಕುಂದಾಪುರದ ಶೀನ ಎಂಬವರ ಸಸ್ಯಾಹಾರಿ ಹೋಟೆಲು. ಅಲ್ಲಿನ ಬಿಲ್ಲಿನ ಪ್ರೋಗ್ರಾಮನ್ನೇ ಅರ್ಗಲಾ ವೈರಸ್ಸೆಂದು ತಿಳಿದು ಹಿಡಿದು ಹಾಕಿತು. ರಘೋತ್ತಮರು ಬಸ್ಸು ಹಿಡಿದು ಹೋದಾಗ ಗಲ್ಲಾಪೆಟ್ಟಿಗೆಯ ಮುಂದೆ ಜನ ಸಾಲುಗಟ್ಟಿದ್ದರು.

"ನಿಮ್ಮ ಮದ್ದಿಗಿಂತ ವೈರಸ್ಸೇ ಲಾಯ್ಕಿತ್ತು ಮಾರಾಯ್ರೆ. ಅದಿದ್ದಾಗ ಬಿಲ್ಲಾದ್ರೂ ಬರ್ತಿತ್ತು" ಎಂದರು ಶೀನ.

"ತಪ್ಪು ನಮ್ದ ಅದರೀ. ನಿಮ್ಮ ಪ್ರೋಗ್ರಾಮಿಂದು ಒಂದು ಕಾಪಿ ಕೊಡ್ರಿ. ಇನ್ನೊಮ್ಮೆ ಹಿಂಗ ಆಗೂದಿಲ್ಲ."

"ಕಾಪಿ ಎಂಥಕ್ಕೆ? ನೀವೂ ಹೋಟ್ಲು ಇಡ್ತೀರಾ?"

ಶೀನ ನಗುತ್ತಲೇ ಕಾಪಿ ಕೊಟ್ಟರು. ಅಂದಿನಿಂದ ಯಾವ ಗ್ರಾಹಕ ಬಂದರೂ ಮೊದಲು ಅವರ ಪ್ರೋಗ್ರಾಮುಗಳ ಪ್ರತಿ ಕೇಳಿ ತರುವುದು ರಘೋತ್ತಮರ ರೂಢಿಯಾಯಿತು. ನಿಫಾಡಿನ ದ್ರಾಕ್ಷಿ ಶೀತಲಗೃಹದ ತೂಕದ ಪ್ರೋಗ್ರಾಮು, ಸಿಲ್ಲೋಡಿನ ಹತ್ತಿ ವ್ಯಾಪಾರಿಯ ಲೆಕ್ಕದ್ದು, ಮನ್ಮಾಡಿನ ಗೋದಾಮಿನದು, ಎಲ್ಲವೂ ಹಾರ್ಡ್ ಡಿಸ್ಕುಗಳಲ್ಲಿ ಸೇರಿದವು. ಹೊಸ ಗುರುತು ಬರೆದಾಗಲೆಲ್ಲ ಈ ಒಳ್ಳೆಯ ಪ್ರೋಗ್ರಾಮುಗಳ ಮೇಲೆ ಅದನ್ನು ಓಡಿಸಬೇಕು. ಒಂದನ್ನಾದರೂ ಹಿಡಿದರೆ ಆ ಗುರುತು ತಿಪ್ಪೆಗೆ. ಡಿಸ್ಕುಗಳಿದ್ದ ತಗಡಿನ ಟ್ರಂಕಿಗೆ ಸುಧೀರ 'ಸಜ್ಜನರ ಪೆಟ್ಟಿಗೆ' ಎಂದು ಹೆಸರಿಟ್ಟ. "ನಾ ಒಬ್ಬಾಂವ ಅದರಾಗ ಇಲ್ಲ ನೋಡು" ಎಂದು ಹೊಸಬರ ಮುಂದೆ ಚೇಷ್ಟೆ ಮಾಡುತ್ತಿದ್ದ.

ಮನೆ, ಅಂಗಡಿಗಳಿಗೆ ಸಿ.ಡಿ. ಮಾರುವುದರಿಂದ ಬದುಕು ಸಾಗದು ಎಂದು 2009ರ ಹೊತ್ತಿಗೆ ಸುಧೀರನಿಗೆ ಮನವರಿಕೆಯಾಯಿತು. ಪುಕ್ಕಟೆ ಪ್ರೋಗ್ರಾಮುಗಳು ಬಂದಿದ್ದವು. ಅರ್ಗಲಾ ದೊಡ್ಡ ಸಂಸ್ಥೆಗಳ ಕಡೆ ತಿರುಗಿತು. ಅಲ್ಲಿ ಒಂದು ಸರ್ವರಿನಿಂದ ಸಂಸ್ಥೆಯ ಎಲ್ಲ ಯಂತ್ರಗಳಿಗೂ ಅಪ್‌ಡೇಟು ಏಕಕಾಲಕ್ಕೆ ಹೋಗುತ್ತದೆ. ಔರಂಗಾಬಾದಿನ ಹೊರವಲಯದ ವಾಳೂಜಿನ ಕಾರ್ಖಾನೆಗಳು ಗ್ರಾಹಕರಾಗಿ ಬಂದವು, ಔರಂಗಾಬಾದಿನಲ್ಲಿ ಶಾಖೆ ತೆರೆಯಿತು, ನಲವತ್ತು ಜನ ನೌಕರಿಗೆ ಸೇರಿದರು. ಆದರೆ ದೊಡ್ಡವರು ಕಾಪಿ ಕೊಡುತ್ತಿರಲಿಲ್ಲ. ಅವರ ವಕೀಲರು ಒಪ್ಪುತ್ತಿರಲಿಲ್ಲ.

"ಮೊದಲ ಸಹಿ ಆಗ್ಲಿ. ಕಾಪಿ ಆಮ್ಯಾಲೆ ಕೇಳೂಣು" ಎನ್ನುತ್ತಿದ್ದ ಸುಧೀರ. ಆಮೇಲೆ ಕೇಳುವುದು ಆಗುತ್ತಿರಲಿಲ್ಲ. ಹೀಗೆಯೇ ಗ್ರಾಹಕರಾದ ಆ ಆಸ್ಪತ್ರೆಯ ವಿಷಯದಲ್ಲಿ ರಘೋತ್ತಮರು ಎರಡು ಸಲ ನೆನಪಿಸಿದರು. ಮೂರನೆಯ ಸಲ ನೆನಪಿಸಲಿಲ್ಲ.

ಆ ಜುಲೈನಲ್ಲಿ ಹೊಸದೊಂದು ವೈರಸ್ ಔರಂಗಾಬಾದಿನ ಕಚೇರಿಗಳಲ್ಲಿ ಹಬ್ಬುತ್ತಿತ್ತು. ಕಾರ್ಖಾನೆಗಳವರು ಗಂಟೆಗೊಮ್ಮೆ ಫೋನ್ ಮಾಡುತ್ತಿದ್ದರು. ರಘೋತ್ತಮರು ಆತುರದಲ್ಲಿ ಚಿಕ್ಕ ಗುರುತೊಂದನ್ನು ಆರಿಸಿದರು. ಅದು ವೈರಸ್ಸಿನ ಒಡಲಿನದಲ್ಲ, ಅದನ್ನು ಸುತ್ತಿದ್ದ ಹೊದಿಕೆಯದು. ಫೈಲನ್ನು ಕಿರಿದು ಮಾಡಲು ಬಳಸುವ ಅಂಥ ಹೊದಿಕೆ ಒಳ್ಳೆಯ ಪ್ರೋಗ್ರಾಮುಗಳಿಗೂ ಇರಬಹುದು. ಕಳ್ಳನ ಮುಖ ಬಿಟ್ಟು ಅವನ ರೇನ್‌ಕೋಟಿನ ಗುರುತು ಹೇಳಿದಂತೆ. ಪೆಟ್ಟಿಗೆಯಲ್ಲಿ ಆ ಹೊದಿಕೆ ಹೊದ್ದವರು ಯಾರೂ ಇರಲಿಲ್ಲ. ರಕ್ತನಿಧಿಯ ಪ್ರೋಗ್ರಾಮು ಹೊದ್ದಿತ್ತು.

ಯಾವ ರಕ್ತದ ಚೀಲ ಯಾರಿಗೆ ಹೊಂದುತ್ತದೆ ಎಂಬುದೆಲ್ಲ ಆ ಪ್ರೋಗ್ರಾಮಿನೊಳಗಿತ್ತು. ರಕ್ತ ಫ್ರಿಜ್ಜಿನಲ್ಲೇ ಇತ್ತು, ಆದರೆ ಎಲ್ಲವನ್ನೂ ಮೊದಲಿನಿಂದ ಪರೀಕ್ಷೆ ಮಾಡಬೇಕಾಯಿತು. ಸಿಲ್ಲೋಡ್ ಕಡೆಯಿಂದ ಬಂದಿದ್ದ ಒಬ್ಬ ಬಾಣಂತಿಗೆ ರಕ್ತ ತಡವಾಗಿ ಸಿಕ್ಕಿತು. ಆಕೆ ಬದುಕಿದಳು, ಆದರೆ ಗರ್ಭಕೋಶ ತೆಗೆಯಬೇಕಾಯಿತು. ತಡವಾದದ್ದೇ ಕಾರಣವೋ ಅಲ್ಲವೋ, ವೈದ್ಯರು ಖಚಿತವಾಗಿ ಹೇಳಲಿಲ್ಲ.

ರಘೋತ್ತಮರು ಗುರುತನ್ನು ಕೂಡಲೇ ಹಿಂತೆಗೆದು, ಆಸ್ಪತ್ರೆಯ ಯಂತ್ರಗಳನ್ನು ದೂರದಿಂದಲೇ ಒಂದೊಂದಾಗಿ ಪರೀಕ್ಷಿಸಿದರು. ಮರುದಿನ ಇಬ್ಬರನ್ನೂ ಆಸ್ಪತ್ರೆಯವರು ಕರೆಸಿದರು. ಕಾರನ್ನು ಸುಧೀರನೇ ಓಡಿಸುತ್ತಿದ್ದ.

"ವೈರಸ್ ಊರ ತುಂಬ ಅದ. ಅವರಲ್ಲೂ ಹೊಕ್ಕಿತ್ತು, ಅದಕ್ಕ ನಿಂತ್ವು ಅನ್ನು. ಯಾರು ನೋಡ್ಯಾರ?"

"ನಾ ನೋಡೇನಿ."

"ರಘು, ಈ ಆಸ್ಪತ್ರೆ ಹೋತಂದ್ರ ವಾಳೂಜಿನವ್ರೂ ಹೋಗ್ತಾರ. ಕಂಪನಿ ಉಳಿಯೂದಿಲ್ಲ. ನಲವತ್ತು ಮಂದಿ ಪಗಾರದ ಮ್ಯಾಲೆ ಅದಾರ."

"ಗೊತ್ತದ."

"ಗೊತ್ತದ, ಗೊತ್ತದ! ಗೊತ್ತಿದ್ದವ್ರು ಇಷ್ಟ್ ಸಣ್ಣ ಗುರುತು ಬರೀತಾರೇನು?"

ಕಾರು ಯೇವಲಾ ಊರು ದಾಟಿತು. ಆಮೇಲೆ ರಘೋತ್ತಮರು, "ಅವ್ರು ಕೇಳಲಿಲ್ಲಂದ್ರ ನಾ ಸುಮ್ನಿರ್ತೇನಿ. ಕೇಳಿದ್ರಂದ್ರ ಹೇಳ್ತೇನಿ" ಎಂದರು.

ಅವರು ಕೇಳಿದರು, ಇವರು ಹೇಳಿದರು. ಸುಧೀರ ಹೆದರಿದಂತೆಯೇ ಆಯಿತು. ಆಸ್ಪತ್ರೆ ಆ ವಾರವೇ ಕರಾರು ಮುರಿಯಿತು. ಕಾರ್ಖಾನೆಗಳು ಒಂದೊಂದಾಗಿ ಬಿಟ್ಟವು. ಔರಂಗಾಬಾದಿನ ಶಾಖೆ ಮುಚ್ಚಿತು. ಕೆಲಸ ಕಳೆದುಕೊಂಡ ಹುಡುಗರಲ್ಲಿ ಕೆಲವರು ರಘೋತ್ತಮರನ್ನು ಬೀದಿಯಲ್ಲಿ ಕಂಡರೂ ಮುಖ ತಿರುಗಿಸುತ್ತಿದ್ದರು. ರಘೋತ್ತಮರು ಅದನ್ನು ಆ ಹುಡುಗರ ತಪ್ಪೆಂದು ಎಂದೂ ಅನ್ನಲಿಲ್ಲ. 2015ರಲ್ಲಿ ಉಳಿದ ಗ್ರಾಹಕರನ್ನು ಪುಣೆಯ ಕಂಪನಿಯೊಂದು ಕೊಂಡಿತು. ಅರ್ಗಲಾ ಎಂಬ ಹೆಸರು ಅಲ್ಲಿಗೆ ಅಳಿಯಿತು. ಸಜ್ಜನರ ಪೆಟ್ಟಿಗೆ ಅವರಿಗೆ ಬೇಡವಾಗಿತ್ತು.

ಟ್ರಂಕು ರಘೋತ್ತಮರ ಮನೆಗೆ ಬಂತು. ಅವರು ನಿಫಾಡಿನ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳತೊಡಗಿದರು. ಸಿಲ್ಲೋಡಿನ ಆ ಹೆಂಗಸಿನ ಊರು ಯಾವುದೆಂದು ವಿಚಾರಿಸಿ ಒಮ್ಮೆ ಬಸ್ಸಿನಲ್ಲಿ ಹೋದರು. ಮನೆಯವರೆಗೆ ಹೋಗಲು ಆಗಲಿಲ್ಲ, ಸ್ಟ್ಯಾಂಡಿನಿಂದಲೇ ತಿರುಗಿ ಬಂದರು ಎಂದು ಹೆಂಡತಿ ವಸುಧಾ ಹೇಳುತ್ತಾರೆ. 2018ರಲ್ಲಿ ರಘೋತ್ತಮರು ಹೃದಯಾಘಾತದಿಂದ ತೀರಿಕೊಂಡರು. ಐದು ವರ್ಷ ಮಾತು ಬಿಟ್ಟಿದ್ದ ಸುಧೀರ ಅಂದು ಬಂದು, ಅಟ್ಟದ ಮೇಲಿನ ಟ್ರಂಕನ್ನು ನೋಡುತ್ತ ಬಹಳ ಹೊತ್ತು ನಿಂತಿದ್ದ. 2013ರಲ್ಲಿ ಔರಂಗಾಬಾದಿನ ಆ ಆಸ್ಪತ್ರೆಯ ಸಭೆಯಲ್ಲಿ ನಡೆದದ್ದನ್ನು ವಸುಧಾ ಅವರಿಗೆ ತಿಳಿಸಿದವನೂ ಅವನೇ.

ಉದ್ದ ಮೇಜಿನ ಆಚೆ ರಕ್ತನಿಧಿಯ ಮುಖ್ಯ ವೈದ್ಯೆ ಕುಳಿತಿದ್ದರು. ಸುಧೀರ ಊರಲ್ಲಿ ಹಬ್ಬಿದ ವೈರಸ್ಸಿನ ಬಗ್ಗೆ ಹಿಂದಿಯಲ್ಲಿ ತುಂಬ ಹೊತ್ತು ವಿವರಿಸಿದ. ಆಕೆ ಅವನನ್ನು ತಡೆದು ರಘೋತ್ತಮರ ಕಡೆ ತಿರುಗಿದರು.

"ಪರೀಕ್ಷೆ ಮಾಡಿದವರು ನೀವಲ್ಲವೆ? ನಮ್ಮ ಎಷ್ಟು ಕಂಪ್ಯೂಟರುಗಳಲ್ಲಿ ವೈರಸ್ ಇತ್ತು?"

ಸುಧೀರ ನೀರಿನ ಲೋಟವನ್ನೇ ನೋಡುತ್ತಿದ್ದ. ರಘೋತ್ತಮರು ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದರು:

"ಶೂನ್ಯ."