ಮಖಮಲ್ಲಿನ ಝಾಲರಿ ಕತ್ತರಿಸಿದವಳು

ಗಿರಾಕಿ ನಕ್ಕರೆ ಚೌಕಾಸಿಗೆ, ಸಗಟಿನವನು ನಕ್ಕರೆ ಹಳೆ ಸರಕು ಸಾಗಹಾಕಲಿಕ್ಕೆ. ಪರದೆ ಬಟ್ಟೆಯ ವ್ಯಾಪಾರದಲ್ಲೇ ತಲೆ ನರೆಸಿಕೊಂಡ ನನಗೆ ಯಾರ ಮೇಲೂ ನಂಬಿಕೆ ಸುಲಭವಾಗಿ ಕೂರುವುದಿಲ್ಲ. ಹಾಗಿರುವಾಗ, ಕೈಯಲ್ಲೇ ಕತ್ತರಿ ಹಿಡಿದುಕೊಂಡು ಅಂಗಡಿಯೆಲ್ಲ ಕತ್ತರಿ ಹುಡುಕುವ ಹೆಂಗಸನ್ನು ನಂಬುವುದು ಹೇಗೆ?

ಆಕೆ ನಮ್ಮಲ್ಲಿ ಬಟ್ಟೆ ಕತ್ತರಿಸುವವಳು. ನಮ್ಮ ಅಂಗಡಿಯ ಹೊಲಿಗೆಯವನು ಅವಳಿಗೆ ಇಟ್ಟ ಅಡ್ಡಹೆಸರು ಅರ್ಧಂಬರ್ಧ. ಕುಡಿದ ಚಹಾ ಅರ್ಧ, ಮಡಿಚಿದ ಬಟ್ಟೆ ಅರ್ಧ, ಹೇಳಲು ಹೊರಟ ಮಾತು ತುಟಿಯವರೆಗೆ ಬಂದು ಬೇರೆಲ್ಲೋ ಹೋಗಿಬಿಡುತ್ತಿತ್ತು. ಶಾಲೆಯಲ್ಲಿ ಜಾಣೆ ಅನ್ನಿಸಿಕೊಂಡೂ, ಪರೀಕ್ಷೆಯ ದಿನ ಯಾವುದೋ ಕತೆ ಪುಸ್ತಕ ಹಿಡಿದು ಮನೆಯಲ್ಲೇ ಉಳಿದವಳಂತೆ. ಕೆಲಸಕ್ಕೆ ಸೇರಿದ ಅಂಗಡಿಗಳಿಂದಲೂ ಹೊರಬಿದ್ದಿದ್ದಳು. ಒಂದು ಕಡೆ ಮರೆವಿಗೆ, ಇನ್ನೊಂದು ಕಡೆ ಬಾಯಿಗೆ. ಅವಳನ್ನು ಕರೆತಂದ ಅವಳ ಅಕ್ಕ ಮುಚ್ಚುಮರೆ ಮಾಡಲಿಲ್ಲ. "ಇದೇ ಕೊನೆ ಅಂಗಡಿ ಯಜಮಾನ್ರೇ. ಈ ಬೀದೀಲಿ ಇನ್ಯಾರೂ ಇವಳನ್ನ ಒಳಗೆ ಬಿಡಲ್ಲ."

ಸರಕನ್ನು ಹೊಗಳದೆ ಮಾರಲು ಬಂದವರನ್ನು ಕಂಡರೆ ನನಗೆ ಮತ್ತಷ್ಟು ಅನುಮಾನ. ಆದರೆ ಕೈ ನೋಡಿದೆ. ಗೆರೆ ಎಳೆಯದೆ ಕತ್ತರಿಸಿದರೂ ಅಂಚು ನೂಲು ಹಿಡಿದಂತೆ ನೆಟ್ಟಗೆ. ಇಟ್ಟುಕೊಂಡೆ.

ಇಟ್ಟುಕೊಂಡ ಮೇಲೆ ಕಣ್ಣೂ ಇಟ್ಟೆ. ಅವಳ ತೋಳಿನ ಅಂಚಿಗೆ ಯಾವಾಗಲೂ ಬಟ್ಟೆ ಒಣಹಾಕುವ ಕ್ಲಿಪ್ಪುಗಳು. ಒಮ್ಮೆ ಒಂದು, ಒಮ್ಮೆ ಐದಾರು. ಪರದೆ ಬಟ್ಟೆಯನ್ನೇ ಮಾರುವ ಎದುರು ಅಂಗಡಿಯವನು ತನ್ನ ಕಿಟಕಿಗೆ ಬಂದು ನಿಂತಾಗ ಅವು ಹೆಚ್ಚುತ್ತವೆಂದು ನನಗೆ ಕಂಡಿತು. ಮೇಲಾಗಿ, ಕೆಲಸದ ನಡುವೆ ದಡಕ್ಕನೆ ಎದ್ದು ಹಿಂದಿನ ಸರಕಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಒಳಗೆ ಫೋನಿನಲ್ಲಿ ನಮ್ಮ ರೇಟೆಲ್ಲ ಎದುರಿನವನಿಗೆ ಹೋಗುತ್ತಿದೆ ಎಂದು ಹೊಲಿಗೆಯವನು ಕಿವಿಯೂದಿದ. ಅವನನ್ನೂ ನಾನು ನಂಬುವುದಿಲ್ಲ, ಆ ಮಾತು ಬೇರೆ. ಆದರೆ ಪುಕ್ಕಟೆ ಸಿಕ್ಕ ಅನುಮಾನವನ್ನು ಯಾವ ವ್ಯಾಪಾರಿ ಬಿಡುತ್ತಾನೆ?

ಅಷ್ಟರಲ್ಲಿ ಒಂದು ನಾಟಕ ಮಂದಿರದ ಕೆಲಸ ಬಂತು. ವೇದಿಕೆಯ ಪರದೆಗೆ ಮೇಲಿನಿಂದ ಇಳಿಬಿಡುವ ಝಾಲರಿ, ಕೆಂಪು ಮಖಮಲ್ಲಿನದು, ಕೆಳಗಿನ ಅಂಚು ಕಮಾನಿನಂತೆ ಬಾಗಿರಬೇಕು. ಮಖಮಲ್ಲಿಗೆ ಬೆಕ್ಕಿನ ಮೈಯಂತೆ ಒಂದು ಓಟವಿದೆ. ಒಂದು ಕಡೆಗೆ ಸವರಿದರೆ ನುಣುಪು, ಎದುರಾಗಿ ಸವರಿದರೆ ಒರಟು. ಎಲ್ಲ ತುಂಡುಗಳ ಓಟವೂ ಒಂದೇ ಕಡೆಗಿರದಿದ್ದರೆ ಬೆಳಕಿನಲ್ಲಿ ಬಣ್ಣವೇ ಬೇರೆಯಾಗಿ ಕಾಣುತ್ತದೆ. ಕಮಾನು ಕತ್ತರಿಸಿಯಾದ ಮೇಲೆ ತುಂಡನ್ನು ತಲೆಕೆಳಗು ಮಾಡುವಂತೆಯೂ ಇಲ್ಲ.

ಹೊಲಿಗೆಯವನು ಅವಳು ಕತ್ತರಿಸಿಕೊಟ್ಟ ತುಂಡುಗಳನ್ನು ಜೋಡಿಸಿ ಮೇಲೆತ್ತಿ ಹಿಡಿದ. ಅರ್ಧ ಕೆಂಪು, ಅರ್ಧ ಕಂದು. ಹೆಸರಿಗೆ ತಕ್ಕ ಕೆಲಸ ಎಂದು ಅವನು ಗೊಣಗಿದ. ನಾನು ನೇರವಾಗಿಯೇ ಕೇಳಿದೆ.

"ಎದುರಿನವನು ಏನು ಕೊಟ್ಟನಮ್ಮಾ ಇದಕ್ಕೆ?"

ಅವಳ ಅಳತೆಪಟ್ಟಿ ಹಾರಿ ಬಂದು ನನ್ನ ಎದೆಗೆ ತಗುಲಿತು. ಜೊತೆಗೆ ಬಂದ ಮಾತುಗಳು ಬರೆಯುವಂಥವಲ್ಲ. ಬಾಗಿಲು ಧಡಾರನೆ ಬಡಿದು ಕೋಣೆಗೆ ಹೋದಳು. ಈಗ ಸಿಕ್ಕಿಬಿದ್ದಳು ಎಂದುಕೊಂಡು ನಾನು ಬೆಕ್ಕಿನ ಹೆಜ್ಜೆಯಲ್ಲಿ ಹಿಂದೆಯೇ ಹೋಗಿ ಬಾಗಿಲು ತಳ್ಳಿದೆ. ಫೋನೂ ಇಲ್ಲ, ಗೀನೂ ಇಲ್ಲ. ನಿಲ್ಲಿಸಿಟ್ಟ ಬಟ್ಟೆಯ ಥಾನುಗಳ ನಡುವೆ ಹಣೆ ಒತ್ತಿ, ಎರಡೂ ಕಿವಿ ಮುಚ್ಚಿಕೊಂಡು ನಿಂತಿದ್ದಳು.

"ಈಗ ಒಂದು ಮಾತಾಡಿದ್ರೂ ಕೆಲಸ ಬಿಟ್ಟು ಹೋಗಿಬಿಡ್ತೀನಿ," ಎಂದಳು, ತಿರುಗದೆ. "ಬಿಡೋಕೆ ನಂಗೆ ಇಷ್ಟ ಇಲ್ಲ. ನೀವು ಹೊರಗೆ ಹೋಗಿ. ತಣ್ಣಗಾದ್ಮೇಲೆ ಬರ್ತೀನಿ."

ಬಂದಳು. ಕಣ್ಣು ಕೆಂಪಗಿದ್ದವು, ದನಿ ಮಟ್ಟಸವಾಗಿತ್ತು. ತನ್ನ ಈ ಸ್ವಭಾವ ಹುಟ್ಟಿನಿಂದ ಬಂದದ್ದು, ಗಮನ ಒಂದೆಡೆ ನಿಲ್ಲದ ಎಡಿಎಚ್‌ಡಿ ಅಂತ ಡಾಕ್ಟರು ಹೇಳಿದ್ದಾರಂತೆ. ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ತಲೆ ತಾನಾಗಿ ಸಾಲು ಹಚ್ಚುವುದಿಲ್ಲ. ಸಿಟ್ಟೋ ದುಃಖವೋ ಬಂದರೆ ಮೆಟ್ಟಿಲು ಹತ್ತುವುದೇ ಇಲ್ಲ, ನೇರ ಮಾಳಿಗೆಗೇ ಹಾರುತ್ತದೆ. ಕೋಣೆಗೆ ಹೋಗುವುದು ಅದನ್ನು ಇಳಿಸಲಿಕ್ಕೆ. ಒಂದೊಂದು ಕ್ಲಿಪ್ಪೂ ಮುಗಿಸಬೇಕಾದ ಒಂದೊಂದು ಕೆಲಸ. ಎದುರಿನವನು ಕಿಟಕಿಗೆ ಬಂದಾಗ ಅವು ಹೆಚ್ಚುತ್ತಿದ್ದುದೇಕೆಂದರೆ, ಅವನ ಮುಖ ಕಂಡೊಡನೆ ನಾನು ವ್ಯಾಪಾರ ಜೋರೆಂದು ತೋರಿಸಲು ಹುಕುಂ ಮೇಲೆ ಹುಕುಂ ಹೊರಡಿಸುತ್ತಿದ್ದೆನಂತೆ.

"ಝಾಲರಿ ಕತ್ತರಿಸ್ತಿದ್ದಾಗ ಸ್ಯಾಂಪಲ್ ತೋರಿಸು ಅಂದ್ರಿ. ತೋರಿಸೋಷ್ಟರಲ್ಲಿ ಫೋನ್ ಎತ್ಕೋ ಅಂದ್ರಿ. ವಾಪಸ್ ಬಂದು ಮೇಜಿನ ಆ ಕಡೆ ನಿಂತ್ಕೊಂಡೆ, ಓಟ ಉಲ್ಟಾ ಆಯ್ತು. ತಪ್ಪು ನಂದೇ ಯಜಮಾನ್ರೇ. ಆದ್ರೆ ನಾನು ಕಳ್ಳಿ ಅಲ್ಲ."

ಬಟ್ಟೆ ಮಿಕ್ಕಿತ್ತು. ಬೆಳಗ್ಗೆ ಮತ್ತೆ ಕತ್ತರಿಸುತ್ತೇನೆ, ಮುಗಿಯುವವರೆಗೆ ಯಾರೂ ಮಾತಾಡಿಸಬಾರದು, ಮತ್ತೆ ತಪ್ಪಿದರೆ ತಾನೇ ಹೊರಟುಹೋಗುತ್ತೇನೆ ಎಂದಳು. ನನ್ನ ಬಾಯಿ ಮುಚ್ಚಿಸುವುದೇ ಮದ್ದಾಗಿರುವ ಕಾಯಿಲೆ ಎಲ್ಲಾದರೂ ಉಂಟೇ? ಮದುವೆಯಾದಂದಿನಿಂದ ನನ್ನ ಹೆಂಡತಿಯೂ ಅದೇ ಮದ್ದು ಕೇಳುತ್ತಿದ್ದಾಳೆ. ಅವಳಿಗೆ ಯಾವ ಡಾಕ್ಟರೂ ಬರೆದುಕೊಟ್ಟಿಲ್ಲ. ಆದರೂ ಒಪ್ಪಿದೆ. ಸುಳ್ಳಾದರೆ ತಾನಾಗಿ ಬಯಲಾಗುತ್ತದಲ್ಲ.

ಬೆಳಗ್ಗೆ ಬಂದವಳು ಮೊದಲು ಬಟ್ಟೆಯ ಬೆನ್ನಿಗೆಲ್ಲ ಸೀಮೆಸುಣ್ಣದಲ್ಲಿ ಬಾಣದ ಗುರುತು ಹಾಕಿದಳು, ಓಟ ಯಾವ ಕಡೆಗೆಂದು. ಎದುರಿನವನು ಕಿಟಕಿಗೆ ಬಂದ. ಮಾತು ಕೆಮ್ಮಿನಂತೆ ಗಂಟಲಿಗೆ ಬಂತು, ನುಂಗಿದೆ. ಗಿರಾಕಿಗೆ ಕೈಸನ್ನೆಯಲ್ಲೇ ಬೆಲೆ ಹೇಳಿದೆ. ಆತ ನಾನು ಮೂಗನೆಂದು ಮರುಗಿ ಚೌಕಾಸಿ ಮಾಡದೆ ಹೋದ. ನಡುವೆ ಅವಳು ಒಮ್ಮೆ ಕತ್ತರಿಯಿಟ್ಟು ಕೋಣೆಗೆ ಹೋದಳು. ಮುಗಿಯಿತು ಕತೆ ಎಂದುಕೊಂಡೆ. ಬಂದು, ಬಾಣ ನೋಡಿ, ಮೇಜಿನ ಸರಿಯಾದ ಕಡೆಗೇ ನಿಂತಳು.

ಹೊಲಿಗೆಯವನು ಮತ್ತೆ ಜೋಡಿಸಿ ಎತ್ತಿ ಹಿಡಿದ. ಉದ್ದಕ್ಕೂ ಒಂದೇ ಕೆಂಪು. ಅಲ್ಲಿ ಸವರಿದ, ಇಲ್ಲಿ ಎಳೆದ, ತಪ್ಪು ಸಿಗದೆ ಮುಖ ಸಣ್ಣ ಮಾಡಿಕೊಂಡ. ನಾಟಕ ಮಂದಿರದವರು ಝಾಲರಿ ಒಯ್ದರು. ಅವಳು ಉಳಿದಳು.

ಅಷ್ಟಕ್ಕೇ ಬಿಡಲಿಲ್ಲ. ಮಾರನೆಯ ದಿನ ನಾನು ಬರುವಷ್ಟರಲ್ಲಿ ನನ್ನ ಕುರ್ಚಿ ಬಾಗಿಲಾಚೆ, ಬೀದಿಗೆ ಮುಖಮಾಡಿ ಕೂತಿತ್ತು.

"ಕತ್ತರಿಸೋವಾಗ ಮಾತ್ರ ಯಜಮಾನ್ರೇ," ಎಂದಳು. "ಗಿರಾಕಿ ಕರೆದಂಗೂ ಆಗುತ್ತೆ."

ಈಗ ಅಲ್ಲೇ ಕೂರುತ್ತೇನೆ. ನಿಮ್ಮ ಅಂಗಡಿಯಿಂದ ನಿಮ್ಮನ್ನೇ ಹೊರಹಾಕಿದರೇ ಎಂದು ಎದುರಿನವನು ಕೇಳಿದ. ಗಾಳಿಗೆ ಕೂತಿದ್ದೇನೆ ಎಂದೆ. ಅವನು ನಂಬಲಿಲ್ಲ. ಅವನೂ ವ್ಯಾಪಾರಿಯೇ.