ಲಗ್ನಪತ್ರಿಕೆ ಒತ್ತಿದವರು, ಅಪ್‌ಡೇಟ್ ಒತ್ತದವರು

ಬೆಳಗ್ಗೆ ಹಲ್ಲುಜ್ಜುತ್ತಿದ್ದಾಗ ನಂದಿಯಿಂದ ದೊಡ್ಡಪ್ಪನ ಫೋನ್ ಬಂತು. ಪೀಠಿಕೆ ಇಲ್ಲ, ಯೋಗಕ್ಷೇಮ ಇಲ್ಲ.

"ಏನಯ್ಯ, ನಿಮ್ಮಕ್ಕ ಮಗಳ ಮದುವೆಗೆ ವಾಟ್ಸಾಪಲ್ಲಿ ಕರೀತಾಳಾ? ಮನೆಗೆ ಬಂದು ಕುಂಕುಮ ಇಟ್ಟು ಕರೆಯಕ್ಕೆ ನಾನೇನು ಅಮೆರಿಕದಾಗಿದೀನಾ?"

ಬಾಯಲ್ಲಿ ಪೇಸ್ಟು. ನುಂಗಿದೆ. "ಯಾವ ಮದುವೆ ದೊಡ್ಡಪ್ಪ?"

"ನನ್ನನ್ನ ಕೇಳ್ತೀಯಲ್ಲಯ್ಯ. ಸೋದರಮಾವ ನೀನು. ನಿನಗೂ ಹೇಳಿಲ್ವಾ? ಸರಿಹೋಯ್ತು ಬಿಡು."

ಫೋನ್ ಕಟ್.

ನನ್ನ ನೆನಪಿನ ಮೇಲೆ ಈಚೆಗೆ ನನಗೇ ಭರವಸೆ ಕಡಿಮೆ (ಒಂದೇ ಉದಾಹರಣೆಯನ್ನು ಈ ಅಂಕಣದಲ್ಲಿ ಎರಡು ವಾರ ಬರೆದಾಗ ಓದುಗರಾದ ನೀವೇ ಎತ್ತಿ ತೋರಿಸಿದ್ದೀರಿ). ಹಾಗಾಗಿ ಮೊದಲ ಅನುಮಾನ ನನ್ನ ಮೇಲೆಯೇ. ಅಕ್ಕ ಹೇಳಿದ್ದಳೇ? ನಾನು ಮರೆತೆನೇ? ಸೋದರ ಸೊಸೆಯ ಮದುವೆ ಮರೆಯುವಷ್ಟು ಕೆಟ್ಟಿದೆಯೇ ತಲೆ?

ವಾಟ್ಸಾಪ್ ತೆರೆದೆ. ಸರೋಜಕ್ಕನ ಹೆಸರಲ್ಲಿ ಮೆಸೇಜು ಬಂದು ಕೂತಿತ್ತು. 'ನಮ್ಮ ಮನೆಯ ಮದುವೆ. ತಪ್ಪದೆ ಬನ್ನಿ. ಲಗ್ನಪತ್ರಿಕೆ ತೆರೆದು ನೋಡಿ.' ಕೆಳಗೊಂದು ಫೈಲು. ಲಗ್ನಪತ್ರಿಕೆ ಅಂದಮೇಲೆ ಫೋಟೋ ಇರಬೇಕು, ಇಲ್ಲವೇ ಪಿಡಿಎಫ್. ಇದು ಎರಡೂ ಅಲ್ಲ. ಫೋನಿನೊಳಗೆ ಹೊಸದೊಂದು ಆಪ್ ಕೂರಿಸುವ ಎಪಿಕೆ ಫೈಲು. ನಾನು ಒತ್ತಲಿಲ್ಲ. ಅನುಮಾನ ನನ್ನ ಹುಟ್ಟುಗುಣ. ಅದಕ್ಕೆ ಯೂನಿವರ್ಸಿಟಿಯವರು ಒಂದು ಡಿಗ್ರಿಯನ್ನೂ ಕೊಟ್ಟಿದ್ದಾರೆ.

ಸೊಸೆ ಪವಿತ್ರಳಿಗೆ ಫೋನ್ ಮಾಡಿದೆ. ನಮ್ಮ ಚಿಕ್ಕಬಳ್ಳಾಪುರದಲ್ಲೇ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ರಕ್ತ ಪರೀಕ್ಷೆ ಮಾಡುವ ಹುಡುಗಿ, ಸುಲಭಕ್ಕೆ ಗಾಬರಿಯಾಗುವವಳಲ್ಲ.

"ನನಗೂ ಬಂದಿದೆ ಮಾಮ," ಅಂದಳು. "ನನ್ನ ಮದುವೆಗೆ ನನ್ನನ್ನೂ ಕರೆದಿದಾರೆ."

ನಗಬಹುದಿತ್ತು. ಆದರೆ ಗೌರಿಬಿದನೂರಿನ ಒಂದು ಮನೆಯ ಜೊತೆ ಪವಿತ್ರಳ ಸಂಬಂಧದ ಮಾತು ನಡೆದಿತ್ತು. ಹುಡುಗನ ಹೆಸರು ಹರೀಶ, ಕುಡುಮಲಕುಂಟೆಯ ಫ್ಯಾಕ್ಟರಿಯೊಂದರಲ್ಲಿ ಕೆಲಸ. ಅವರು ಬಂದು ನೋಡಿ ಹೋಗಿದ್ದರು, ಒಪ್ಪಿದ್ದೇವೆ ಅಂದಿದ್ದರು. ಇವಳು ಯೋಚನೆ ಮಾಡಿ ಹೇಳುತ್ತೇನೆ ಅಂದಿದ್ದಳು. ಯೋಚನೆ ಇನ್ನೂ ಮುಗಿದಿರಲಿಲ್ಲ. ಈಗ, ಪವಿತ್ರ ಹೇಳುವ ಪ್ರಕಾರ, ಅದೇ ಹುಡುಗನ ಮನೆಗೂ ಅಕ್ಕನ ನಂಬರಿನಿಂದ 'ನಮ್ಮ ಮನೆಯ ಮದುವೆ' ಹೋಗಿದೆ. ಅಕ್ಕನಿಗೆ ಇರುವುದು ಒಬ್ಬಳೇ ಮಗಳು. ಆ ಮನೆಯವರು ಏನೆಂದುಕೊಳ್ಳಬೇಕು? ಉತ್ತರ ಕಾಯಿಸಿ ಬೇರೆ ಕಡೆ ಲಗ್ನ ಕಟ್ಟಿಸಿದರು ಅಂತಲೇ ಅಲ್ಲವೇ?

ಪವಿತ್ರ ಲ್ಯಾಬಿಗೆ ರಜೆ ಹೇಳಿದಳು. ನಾನು, ನನ್ನ ಹೆಂಡತಿ ಸುಮ, ಪವಿತ್ರ ಮೂವರೂ ಕಾರು ಹತ್ತಿ ದಿಬ್ಬೂರಹಳ್ಳಿ ಕಡೆ ಹೊರಟೆವು.

ಅಕ್ಕ ಹುಳುಮನೆಯಲ್ಲಿದ್ದಳು. ರೇಷ್ಮೆ ಸಾಕುವ ಮನೆಗಳ ಶಿಸ್ತು ನಿಮಗೆ ಗೊತ್ತು. ಚಪ್ಪಲಿ ಆಚೆ. ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ನೀರಿನ ತಟ್ಟೆ, ಅದರಲ್ಲಿ ಕಾಲು ಅದ್ದದೆ ಒಳಗೆ ಹೆಜ್ಜೆ ಇಡುವಂತಿಲ್ಲ. ಹೊರಗಿನವರಿಗೆ ಪ್ರವೇಶವೇ ಇಲ್ಲ. ಪ್ರತಿ ಬೆಳೆ ಮುಗಿದ ಮೇಲೂ ಗೋಡೆ, ನೆಲ, ತಟ್ಟೆ ಎಲ್ಲ ತೊಳೆದು ಔಷಧಿ ಹೊಡೆಯಬೇಕು. ಹೋದ ಬೆಳೆಗೆ ರೋಗ ಬಂದಿರಲಿ, ಬರದಿರಲಿ. 'ಹೋದ ಸಲ ಚೆನ್ನಾಗಿತ್ತಲ್ಲ, ಈ ಸಲ ತೊಳೆಯೋದು ಬೇಡ' ಅನ್ನುವ ಒಬ್ಬ ಸಾಕಣೆದಾರನನ್ನೂ ನಾನು ಶಿಡ್ಲಘಟ್ಟ ಸೀಮೆಯಲ್ಲಿ ಕಂಡಿಲ್ಲ.

"ಕಾಲು ಅದ್ದೋ," ಅಂದಳು ಅಕ್ಕ. ಅವಳ ಮನೆಗೆ ಬೆಂಕಿ ಬಿದ್ದಿದೆ ಅಂತ ಹೇಳಲು ಬಂದವನಾದರೂ ಮೊದಲು ಕಾಲು ಅದ್ದಬೇಕು.

ಅದ್ದಿದೆ. ವಿಷಯ ಹೇಳಿದೆ. ಅವಳಿಗೆ ಅಷ್ಟರಲ್ಲೇ ಎಷ್ಟೋ ಫೋನು ಬಂದು ಅರ್ಧ ಅಳು ಮುಗಿದಿತ್ತು.

"ಚಿಂತಾಮಣಿ ನಾದಿನಿ ನಂಬರಿಂದ ಬಂತು ಕಣೋ. ಲಗ್ನಪತ್ರಿಕೆ ಅಂತಿತ್ತು. ಕರೆದಾಗ ತೆಗೆದು ನೋಡ್ದೆ ಇರಕ್ಕಾಗುತ್ತಾ? ನಾಳೆ ಸಿಕ್ಕಿದ್ರೆ ಏನಂತಾಳೆ?"

"ಒತ್ತಿದಾಗ ಫೋನು ಏನೂ ಕೇಳಲಿಲ್ವಾ?"

"ಕೇಳ್ತಪ್ಪ. ಅನುಮತಿ ಕೊಡ್ತೀರಾ ಅಂತ ಕೇಳ್ತು. ಮದುವೆ ಮನೆಯೋರು ಕೇಳ್ತಾ ಇರೋವಾಗ ಇಲ್ಲ ಅನ್ನಬಾರದಲ್ಲ, ಕೊಟ್ಟೆ."

ಏನು ಹೇಳುತ್ತೀರಿ ಇದಕ್ಕೆ? ಅನುಮತಿ ಸಿಕ್ಕ ಕೂಡಲೇ ಆ ಆಪ್ ಅವಳ ಫೋನಿನಲ್ಲಿದ್ದ ಎಲ್ಲ ನಂಬರಿಗೂ ಅದೇ ಲಗ್ನಪತ್ರಿಕೆ ಕಳಿಸಿತ್ತು. ಈ ಮೋಸ ಮಾಡಿದವನು ಎಲ್ಲೋ ಕೂತು ನಮ್ಮನ್ನು ಚೆನ್ನಾಗಿ ಓದಿಕೊಂಡಿದ್ದಾನೆ. ಲಾಟರಿ ಬಂದಿದೆ ಅಂದರೆ ಅಕ್ಕ ನಂಬುವವಳಲ್ಲ. ಬ್ಯಾಂಕಿನವರು ಅಂದರೆ ಬೈದು ಇಡುತ್ತಾಳೆ. ಆದರೆ ನೆಂಟರು ಕರೆದ ಮದುವೆಗೆ ಬೆನ್ನು ತೋರಿಸುವುದು ಅವಳ ಜಾಯಮಾನದಲ್ಲೇ ಇಲ್ಲ. ಅವಳ ಮರ್ಯಾದೆಯೇ ಅವನಿಗೆ ಬಾಗಿಲಾಯಿತು. ಇನ್ನು ನಂದಿಯ ದೊಡ್ಡಪ್ಪ? ಕುಂಕುಮ ಇಡದೆ ಬಂದ ಲಗ್ನಪತ್ರಿಕೆಯನ್ನು ಮುಟ್ಟುವುದಿಲ್ಲ ಎಂಬ ಜಂಬದಲ್ಲಿ ಒತ್ತಲಿಲ್ಲ, ಬಚಾವಾದರು. ನಮ್ಮ ಇಡೀ ವಂಶದಲ್ಲಿ ಅವರದೇ ಅತಿ ಗಟ್ಟಿ ಸೆಕ್ಯುರಿಟಿ.

ಎಲ್ಲರೂ ಜಗಲಿಗೆ ಬಂದೆವು, ಪವಿತ್ರ ಕೆಲಸಕ್ಕೆ ಇಳಿದಳು. ಅಮ್ಮನ ಫೋನ್ ಆಫ್ ಮಾಡಿ ಸಿಮ್ ತೆಗೆದಳು. ತನ್ನ ಫೋನಿನಿಂದ ಬ್ಯಾಂಕಿಗೆ ಹೇಳಿ ಖಾತೆ ಬಂದ್ ಮಾಡಿಸಿದಳು. ಬೇಕಾದ ಫೋಟೋಗಳನ್ನು ಎತ್ತಿಟ್ಟು ಫೋನನ್ನು ಪೂರ್ತಿ ಅಳಿಸಿ ಮೊದಲಿನ ಸ್ಥಿತಿಗೆ ತಂದಳು. ಆಮೇಲೆ ಸೆಟ್ಟಿಂಗ್ಸ್ ತೆರೆದು ನನ್ನ ಮುಂದೆ ಹಿಡಿದಳು.

"ಓದಿ ಮಾಮ."

'ನಿಮ್ಮ ಫೋನ್ ಅಪ್ ಟು ಡೇಟ್ ಆಗಿದೆ' ಎಂದಿತ್ತು. ಹಸಿರು ಬಣ್ಣದ ಟಿಕ್ ಮಾರ್ಕು ಬೇರೆ.

"ಸರಿಯಾಗೇ ಇದೆಯಲ್ಲ."

"ಕೆಳಗೆ ನೋಡಿ. ಸೆಕ್ಯುರಿಟಿ ಪ್ಯಾಚು ಯಾವ ಕಾಲದ್ದು ಅಂತ."

ನೋಡಿದೆ. ಕಳ್ಳರು ನುಗ್ಗುವ ತೂತು ಮುಚ್ಚುವ ಆ ತೇಪೆ ವರ್ಷಗಟ್ಟಲೆ ಹಳೆಯದು. ಕಂಪನಿಯವರು ಈ ಮಾಡೆಲ್ಲಿಗೆ ಅಪ್‌ಡೇಟ್ ಕಳಿಸುವುದನ್ನೇ ನಿಲ್ಲಿಸಿದ್ದಾರೆ. ಕಳಿಸಿದ್ದರಲ್ಲೂ ಕೊನೆಯ ಕೆಲವನ್ನು ಅಕ್ಕ ಹಾಕಿಕೊಂಡಿಲ್ಲ, ಅವು ಈಗ ಕೇಳಿದರೂ ಸಿಗುವುದಿಲ್ಲ. ಇನ್ನು ಬರುವುದು ಏನೂ ಇಲ್ಲ, ಆದ್ದರಿಂದ ನಿಮ್ಮದು ಅಪ್ ಟು ಡೇಟ್. ಡಾಕ್ಟರು ಊರು ಬಿಟ್ಟು ಹೋಗಿ, ಆಸ್ಪತ್ರೆ ಬಾಗಿಲಿಗೆ 'ರೋಗಿಗಳು ಯಾರೂ ಇಲ್ಲ' ಎಂದು ಬೋರ್ಡು ನೇತುಹಾಕಿದ ಹಾಗೆ. ಸುಳ್ಳನ್ನು ಇಷ್ಟು ನಿಜವಾಗಿ ಹೇಳುವುದನ್ನು ನಾನು ರಾಜಕಾರಣಿಗಳಲ್ಲೂ ಕಂಡಿಲ್ಲ.

"ಬರ್ತಾ ಇದ್ದಾಗ ಯಾಕಕ್ಕ ಹಾಕ್ಕೊಳ್ಳಲಿಲ್ಲ?" ಅಂದೆ.

ಅಕ್ಕ ನನ್ನನ್ನೇ ನೋಡಿದಳು. "ನೀನೇ ಅಲ್ವೇನೋ ಬೇಡ ಅಂದಿದ್ದು?"

"ನಾನಾ? ಯೋಚನೆ ಮಾಡಿ ಹಾಕ್ಕೊ ಅಂದಿದ್ದೆ."

"ಒತ್ತಬೇಡಕ್ಕ, ಫೋನ್ ಸ್ಲೋ ಆಗೋ ಹಂಗೆ ಮಾಡಿ ಹೊಸದು ಕೊಳ್ಳೋ ಹಂಗೆ ಮಾಡ್ತಾರೆ, ನನ್ನ ನಂಬರೆಲ್ಲ ಅಳಿಸ್ಹೋದ್ವು ಅಂದೆ. ಇದೇ ಜಗಲಿ ಮೇಲೆ ಕೂತು ಅಂದೆ."

ಹಾಗೆ ಅಂದೆನೇ? ನನ್ನ ನೆನಪು ಬೇರೆ ಹೇಳುತ್ತದೆ. ಆದರೆ ನಂಬರು ಅಳಿಸಿಹೋದದ್ದು ಮಾತ್ರ ಖಂಡಿತ. ಅಪ್‌ಡೇಟ್ ಹಾಕಿದೆ, ಎಲ್ಲ ಹೋಯಿತು. ಎಷ್ಟು ಜನರಿಗೆ ಆ ಕಥೆ ಹೇಳಿಲ್ಲ ನಾನು?

"ಅದು ಅಪ್‌ಡೇಟಿಂದ ಅಲ್ಲ ಕಣ್ರಿ," ಅಂದಳು ಸುಮ, ಜಗಲಿಯ ಮೂಲೆಯಲ್ಲಿ ಕೂತು ಕಾಫಿ ಕುಡಿಯುತ್ತ. "ಗೃಹಪ್ರವೇಶದಲ್ಲಿ ಹಂಡೆಗೆ ಬಗ್ಗಿದ್ರಲ್ಲ, ಫೋನು ಜೇಬಿಂದ ನೀರಿಗೆ ಬಿತ್ತು. ಒಣಗಲಿ ಅಂತ ಅಕ್ಕಿ ಡಬ್ಬದಲ್ಲಿ ಇಟ್ಟಿದ್ದು ನಾನೇ."

ಹಂಡೆ ನನಗೆ ನೆನಪಿಲ್ಲ. ಆದರೆ ಹಂಡೆ ಅಂದ ಕೂಡಲೇ ಕೈಗೆ ಬಿಸಿನೀರು ತಾಗಿದ ಹಾಗಾಯಿತು. ಇಂಥ ಗಳಿಗೆಯಲ್ಲಿ ಏನು ಮಾಡುತ್ತೀರಿ? ಪುರಾವೆ ಎಲ್ಲಿ ಅಂತ ಊರಿಗೆಲ್ಲ ಕೇಳಿದವನು ನಾನು. ನನ್ನದೇ ಸಿದ್ಧಾಂತಕ್ಕೆ ಇದ್ದ ಒಂದೇ ಪುರಾವೆ ನೀರಿನಲ್ಲಿ ಮುಳುಗಿತ್ತು.

ವಾದ ಪೂರ್ತಿ ಬಿಡಲಿಲ್ಲ. ಅನುಮಾನದ ಗೌರವಕ್ಕಾದರೂ ಕೇಳಲೇಬೇಕಿತ್ತು. "ಸರಿ, ಅಪ್‌ಡೇಟ್ ಇದ್ದಿದ್ರೆ ಇದು ತಡೀತಿತ್ತಾ?"

"ಫೋನು ಇನ್ನೂ ಗಟ್ಟಿಯಾಗಿ ಬೇಡ ಅಂತಿತ್ತು. ಬಹುಶಃ ತಡೀತಿತ್ತು," ಅಂದಳು ಪವಿತ್ರ. "ಗ್ಯಾರಂಟಿ ಹೇಳಲ್ಲ."

ಬಹುಶಃ. ಆ ಪದ ಹಿಡಿದು ನಾನು ಗೆಲ್ಲಬಹುದಿತ್ತು. ಅಷ್ಟರಲ್ಲಿ ಬಾಗಿಲ ಹತ್ತಿರದ ಬ್ಲೀಚಿಂಗ್ ತಟ್ಟೆ ಕಣ್ಣಿಗೆ ಬಿತ್ತು. ಔಷಧಿ ಹೊಡೆದ ಹುಳುಮನೆಯಲ್ಲೂ ರೋಗ ಬರುತ್ತದೆ. ಹಾಗಂತ ಅಕ್ಕ ತಟ್ಟೆ ಎತ್ತಿಟ್ಟಿದ್ದಾಳೆಯೇ?

ಇಲ್ಲಿಂದ ಮುಂದಿನದನ್ನು ನಾನು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ. ನಮ್ಮವರು ಹಸು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಮೈಮೇಲಿನ ಸುಳಿ ನೋಡುತ್ತಾರೆ. ಇನ್ನೆಷ್ಟು ಕರು ಹಾಕೀತು ಅಂತ ಲೆಕ್ಕ ಹಾಕುತ್ತಾರೆ. ಅದೇ ಜನ ಫೋನ್ ಕೊಳ್ಳುವಾಗ ನೋಡುವುದು ಏನು? ಕ್ಯಾಮೆರಾ. ಬಣ್ಣ. ಕವರ್ ಫ್ರೀ ಕೊಡ್ತೀಯೇನಪ್ಪ ಅನ್ನುವುದು. 'ಎಷ್ಟು ವರ್ಷ ಅಪ್‌ಡೇಟ್ ಬರುತ್ತೆ?' ಅಂತ ಕೇಳಿದವರನ್ನು ನಾನು ನೋಡಿಲ್ಲ. ದುಬಾರಿ ಫೋನಿಗೆ ಹೆಚ್ಚು ವರ್ಷ, ಅಗ್ಗದ್ದಕ್ಕೆ ಕಡಿಮೆ. ಅಂದರೆ ಯಾರು ಒಂದೇ ಫೋನನ್ನು ರಬ್ಬರ್ ಬ್ಯಾಂಡ್ ಹಾಕಿ ಅತಿ ಹೆಚ್ಚು ಕಾಲ ಬಳಸುತ್ತಾರೋ, ಅವರಿಗೇ ರಕ್ಷಣೆ ಅತಿ ಬೇಗ ಮುಗಿಯುತ್ತದೆ. ಇದು ಕಂಪನಿಗಳ ತಪ್ಪು, ಅದರಲ್ಲಿ ನನಗೆ ಅನುಮಾನವಿಲ್ಲ. ಬಂದ ಅಪ್‌ಡೇಟನ್ನೂ ದಿನಾ ಸಂಜೆ ಬೆರಳಿನಿಂದ ಪಕ್ಕಕ್ಕೆ ತಳ್ಳುವುದು ಯಾರ ತಪ್ಪು? (ನನ್ನ ಫೋನಿನ ವಿಷಯ ಇಲ್ಲಿ ಬೇಡ.)

ಭಾನುವಾರ ಗೌರಿಬಿದನೂರಿಗೆ ಹೋದೆವು. ಫೋನಿನಲ್ಲಿ ಹೇಳಿಬಿಡೋಣ ಎಂದಿದ್ದೆ. ಅಕ್ಕ ಒಪ್ಪಲಿಲ್ಲ. "ಫೋನಲ್ಲಿ ಕೆಟ್ಟಿದ್ದನ್ನ ಫೋನಲ್ಲಿ ಸರಿ ಮಾಡಕ್ಕಾಗಲ್ಲ," ಅಂದಳು. ಹಣ್ಣು, ಹೂವು, ಕುಂಕುಮದ ಬಟ್ಟಲು ಹಿಡಿದು ಹೊರಟಳು. "ನಾನೂ ಬರ್ತೀನಿ, ಉತ್ತರ ಕೊಡಬೇಕಾದವಳು ನಾನು," ಅಂತ ಪವಿತ್ರಳೂ ಹೊರಟಳು.

ಹರೀಶನ ತಾಯಿ ಕುರ್ಚಿ ತೋರಿಸಿದರು, ಕೂರಿ ಅನ್ನಲಿಲ್ಲ. ನಾವೇ ಕೂತೆವು.

"ಏನಮ್ಮ, ಯಾವ ಪೆಳ್ಳಿಗೆ, ಯಾರ ಮದುವೆಗೆ ಕರೆದಿದ್ದು ನೀನು? ನಮ್ಮ ಹತ್ರ ಮಾತು, ಇನ್ನೊಂದು ಕಡೆ ಲಗ್ನ?"

"ನಾನು ಕರೆಯಕ್ಕೆ ಬಂದಿಲ್ಲಮ್ಮ," ಅಂದಳು ಅಕ್ಕ. "ಕರೆದಿಲ್ಲ ಅಂತ ಹೇಳಕ್ಕೆ ಬಂದಿದೀನಿ. ಕರೆಯೋ ದಿನ ಬಂದ್ರೆ ಇದೇ ಕುಂಕುಮ ತಗೊಂಡು ಬರ್ತೀನಿ. ಫೋನಲ್ಲಿ ಕರೆಯೋ ಮನೆ ನಮ್ಮದಲ್ಲ."

ಆ ತಾಯಿಯ ಮುಖ ಸ್ವಲ್ಪ ಸಡಿಲವಾಯಿತು. "ಅದೇ ನಾನೂ ಅಂದ್ಕೊಂಡೆ. ನಾನಂತೂ ತೆಗೆದೇ ನೋಡಲಿಲ್ಲ. ಬಾಗಿಲಿಗೆ ಬರ್ದೆ ಇರೋ ಲಗ್ನಪತ್ರಿಕೆ ನಮಗ್ಯಾಕೆ?"

ಮೂಲೆಯಲ್ಲಿ ನಿಂತಿದ್ದ ಹರೀಶ ಕೆಮ್ಮಿದ. "ನನಗೂ ಬಂದಿತ್ತು. ನಾನು ಒತ್ತಿದೆ," ಅಂದ.

"ಯಾಕೋ?"

ನೆಲ ನೋಡುತ್ತ ಹೇಳಿದ. "ಹುಡುಗ ಯಾರು ಅಂತ ನೋಡಕ್ಕೆ."

ಆಮೇಲೆ ಆದದ್ದನ್ನೂ ಅವನೇ ಹೇಳಿದ. ಅವನ ಫೋನಿನಿಂದ ಇಡೀ ಫ್ಯಾಕ್ಟರಿಗೆ 'ನಮ್ಮ ಮನೆಯ ಮದುವೆ' ಹೋಗಿತ್ತು. ಶಿಫ್ಟ್ ಬಿಟ್ಟಾಗ ಗೇಟಿನಲ್ಲೇ ಕೈಕುಲುಕಿದರಂತೆ. "ಸೂಪರ್‌ವೈಸರ್ ರಜೆ ಎಷ್ಟು ದಿನ ಬೇಕು ಅಂತ ಕೇಳ್ತಿದಾರೆ."

"ಸರಿಹೋಯ್ತು," ಅಂದರು ತಾಯಿ. "ಅವರ ಕಡೆ ಕರೆದಾಯ್ತು, ನಮ್ಮ ಕಡೆ ಕರೆದಾಯ್ತು. ಮದುವೆ ಒಂದು ಬಾಕಿ. ನೀನು ಹೇಳಮ್ಮ ಹುಡುಗಿ, ಏನು ನಿನ್ನ ಉತ್ತರ?"

ಎಲ್ಲರೂ ಪವಿತ್ರಳ ಕಡೆ ತಿರುಗಿದೆವು. ಅವಳು ಹರೀಶನ ಕಡೆ ಕೈ ಚಾಚಿದಳು.

"ಫೋನ್ ಕೊಡಿ. ಕ್ಲೀನ್ ಮಾಡಿಸಿದ್ರಾ?"

"ಹ್ಞೂಂ. ಎಲ್ಲ ಅಳಿಸಿ ಹೊಸದಾಗಿ ಹಾಕಿಸಿದೆ."

ಪವಿತ್ರ ಸೆಟ್ಟಿಂಗ್ಸ್ ನೋಡಿದಳು. "ಅಪ್‌ಡೇಟ್ ಕಾಯ್ತಾ ಇದೆಯಲ್ಲ?"

"ಆಮೇಲೆ ಹಾಕೋಣ ಅಂತ."

"ಸರಿ. ಹಾಗಾದ್ರೆ ನನ್ನ ಉತ್ತರಾನೂ ಆಮೇಲೆ."

ಹರೀಶ ಫೋನು ಈಸಿಕೊಂಡ. ಒಳಗೆ ಹೋಗಿ ಚಾರ್ಜರ್ ತಂದ. ಟೀಪಾಯಿಯ ಮೇಲೆ ಫೋನಿಟ್ಟು ಒತ್ತಿದ. ಪರದೆಯ ಮೇಲೆ ಅಪ್‌ಡೇಟಿನ ಗೆರೆ ತೆವಳತೊಡಗಿತು. ನನ್ನ ಜೀವನದಲ್ಲಿ ಎಷ್ಟೋ ಹೆಣ್ಣು ನೋಡುವ ಶಾಸ್ತ್ರಗಳಿಗೆ ಹೋಗಿದ್ದೇನೆ. ಎರಡೂ ಕಡೆಯವರು ಕೂತು ಒಂದು ಫೋನನ್ನು ನೋಡಿದ ಶಾಸ್ತ್ರ ಇದೊಂದೇ. ಪರದೆ ಪೂರ್ತಿ ಕಪ್ಪಾದಾಗ ಅವನ ತಾಯಿ ಗಾಬರಿಯಿಂದ ಕೈ ಹಾಕಲು ಹೋದರು.

"ಮುಟ್ಟಬೇಡಿ," ಅಂದಳು ಅಕ್ಕ. "ಜ್ವರಕ್ಕೆ ಕೂತಿದೆ."

ರೇಷ್ಮೆ ಹುಳು ಹಳೆ ಚರ್ಮ ಕಳಚುವ ಮುನ್ನ ಸೊಪ್ಪು ತಿನ್ನದೆ, ಅಲುಗದೆ ಕೂರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತಾರೆ. ಆ ಹೊತ್ತಿನಲ್ಲಿ ಅದನ್ನು ಯಾರೂ ಅಲುಗಿಸುವುದಿಲ್ಲ. ಎದ್ದ ಮೇಲೆ ಅದೇ ಹುಳುವಿಗೆ ಹೊಸ ಮೈ. ಆ ತಾಯಿಯೂ ಹುಳು ಸಾಕಿದ ಮನೆಯವರಂತೆ, ಥಟ್ಟನೆ ಕೈ ಹಿಂದಕ್ಕೆಳೆದುಕೊಂಡರು. ಅಲ್ಲಿಂದ ಇಬ್ಬರೂ ಸೊಪ್ಪಿನ ಮಾತಿಗೆ ಇಳಿದರು, ನಮ್ಮನ್ನು ಮರೆತರು.

ಫೋನು ಎದ್ದಿತು. ಪವಿತ್ರ ಫೋನಿನ ಕಡೆ ನೋಡಲಿಲ್ಲ, ಹರೀಶನ ಕಡೆ ನೋಡಿದಳು. "ಸರಿ," ಅಂದಳು.

"ಯಾವುದು ಸರಿ?" ಅಂದರು ತಾಯಿ. "ಫೋನಾ, ಹುಡುಗನಾ?"

"ಎರಡೂ."

ಅಕ್ಕ ಕುಂಕುಮದ ಬಟ್ಟಲು ತೆಗೆದಳು. ವಾಪಸು ಬರುವಾಗ, ನಾಳೆ ಬೆಳಗ್ಗೆ ಮೊದಲು ನಂದಿಗೆ ದೊಡ್ಡಪ್ಪನ ಮನೆಗೇ ಹೋಗಬೇಕು ಅಂತ ಎರಡೆರಡು ಸಲ ಹೇಳಿದಳು. ನನಗೆ ತಡೆಯಲಾಗಲಿಲ್ಲ.

"ಅಲ್ಲಮ್ಮ ಪವಿತ್ರ, ಫೋನ್ ಅಪ್‌ಡೇಟ್ ಮಾಡಿದ ಅಂತ ಹುಡುಗನ್ನ ಒಪ್ಪಿದ್ಯಾ?"

"ಅಲ್ಲ ಮಾಮ. ನಾಲ್ಕು ಜನದ ಮುಂದೆ, ಒತ್ತಿದ್ದು ನಾನೇ ಅಂದ್ರಲ್ಲ, ಅದಕ್ಕೆ. ನೀವು ಅಮ್ಮಂಗೆ ಬೇಡ ಅಂದಿದ್ದು ಇನ್ನೂ ಒಪ್ಕೊಂಡಿಲ್ಲ."

ಕಾರಿನಲ್ಲಿ ಯಾರೂ ನನ್ನ ಪರ ಮಾತಾಡಲಿಲ್ಲ. ಅದೇ ಹೊತ್ತಿಗೆ ನನ್ನ ಜೇಬಿನಲ್ಲಿ ಫೋನು ಟಿಣ್ ಅಂದಿತು, ಅಪ್‌ಡೇಟ್ ಕಾಯುತ್ತಿದೆ ಅಂತ. ತೆಗೆದು, ಅಭ್ಯಾಸದಂತೆ ಬೆರಳಿನಿಂದ ಪಕ್ಕಕ್ಕೆ ತಳ್ಳಲು ಹೋದೆ.

ಪವಿತ್ರ ಕೈ ಚಾಚಿದಳು. "ಮಾಮ, ನಿಮ್ಮದು ಯಾವಾಗ?"