ತೆಗೆ ಎಂಬ ಗುಂಡಿ

ಆಫೀಸಿನಲ್ಲಿ ಅವಳನ್ನು ಎಲ್ಲರೂ ಕರೆಯುವುದು ಅತ್ತೆ ಎಂದೇ. ಇಬ್ಬರು ಹೆಣ್ಣುಮಕ್ಕಳನ್ನು ಹೆತ್ತು, ಸೊಸೆಯ ಮುಖವನ್ನೇ ಕಾಣದ ಹೆಂಗಸಿಗೆ ಈ ಬಿರುದು ಬಂದದ್ದು ಅವಳ ಕೆಲಸದಿಂದ. ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಆ ಕಂಪನಿಯಲ್ಲಿ ಕೋಡ್ ಬರೆಯುವವರು ಹನ್ನೊಂದು ಜನ. ಅದನ್ನು ಬಳಸುವುದು ಹೇಗೆಂದು ಸಹಾಯದ ಪುಟ ಬರೆಯುವವಳು ಇವಳೊಬ್ಬಳೇ. ಅವರು ಬದಲಾಯಿಸುತ್ತ ಮುಂದೆ ಹೋಗಬೇಕು, ಇವಳು "ಏನು ಬದಲಾಯಿಸಿದ್ರಿ? ನನಗ್ಯಾಕೆ ಹೇಳಲಿಲ್ಲ?" ಎಂದು ಗೊಣಗುತ್ತ ಹಿಂದೆ ಹೋಗಬೇಕು. ಅತ್ತೆ ಅನ್ನದೆ ಇನ್ನೇನಂದಾರು ಪಾಪ!

ಅದಕ್ಕೂ ಮೊದಲು ಇಪ್ಪತ್ತು ವರ್ಷ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದಿದವಳು. ಅಚ್ಚುಕೂಟ ಮುಚ್ಚಿತು, ಇಲ್ಲಿಗೆ ಬಂದಳು. ಅಲ್ಲಿಯ ಅಭ್ಯಾಸವೂ ಜೊತೆಯಲ್ಲೇ ಬಂತು. ತಿಂಗಳ ಕೊನೆಯ ವಾರ ಇನ್ನೂರ ನಲವತ್ತು ಪುಟಗಳನ್ನೂ ಮೊದಲಿನಿಂದ ಕೊನೆಯವರೆಗೆ ಓದಿ ತಿದ್ದುವುದು. ಒಂದು ಒತ್ತಕ್ಷರ ತಪ್ಪಿರಲಿ ನೋಡೋಣ! ಆದರೆ ಅಚ್ಚಾದ ಪುಸ್ತಕ ರಾತ್ರಿ ಮಲಗಿ ಬೆಳಗ್ಗೆ ಬೇರೆಯಾಗಿ ಏಳುವುದಿಲ್ಲ, ಕೋಡ್ ಏಳುತ್ತದೆ. ಈ ಒಂದು ಮಾತು ಅವಳ ತಲೆಗೆ ಹೊಕ್ಕಿರಲಿಲ್ಲ.

"ನಿಮ್ಮ ಪುಟಾನೆಲ್ಲ ಯಾರು ಓದ್ತಾರೆ ಬಿಡಿ ಮೇಡಂ," ಎಂದು ತಂಡದ ಮುಖ್ಯಸ್ಥ ಆಗಾಗ ನಗುತ್ತಿದ್ದ. ಓದುವವರು ಒಬ್ಬರಂತೂ ಇದ್ದಾರೆಂದು ಅವಳಿಗೆ ಗೊತ್ತಿತ್ತು. ಸ್ವಂತ ತಂಗಿ.

ತಂಗಿ ನಲವತ್ತಮೂರರವರೆಗೆ ಮನೆ, ಮಕ್ಕಳು ಎಂದು ಇದ್ದವಳು. ಗಂಡನ ಅಂಗಡಿ ಮುಚ್ಚಿದ ಮೇಲೆ ಧೈರ್ಯ ಮಾಡಿ ನೂರು ಹಾಸಿಗೆಯ ಒಂದು ಆಸ್ಪತ್ರೆಯಲ್ಲಿ ರೋಗಿಗಳ ಕಡತ ನೋಡಿಕೊಳ್ಳುವ ಕೌಂಟರಿಗೆ ಸೇರಿದ್ದಳು. ಆರು ತಿಂಗಳು ಪರೀಕ್ಷೆಯ ಅವಧಿ, ಪಾಸಾದರೆ ಕೆಲಸ ಕಾಯಂ. ಆ ಆಸ್ಪತ್ರೆ ಬಳಸುತ್ತಿದ್ದದ್ದು ಅಕ್ಕನ ಕಂಪನಿಯ ಸಾಫ್ಟ್‌ವೇರನ್ನೇ. ಅಕ್ಕನ ಪುಟಗಳನ್ನು ಪ್ರಿಂಟ್ ತೆಗೆದು ಪರದೆಯ ಪಕ್ಕದ ಗೋಡೆಗೆ ಸಾಲಾಗಿ ಅಂಟಿಸಿಕೊಂಡು, ಬಂದವರಿಗೆಲ್ಲ "ನಮ್ಮಕ್ಕ ಬರೆದಿದ್ದು" ಎಂದು ತೋರಿಸುತ್ತಿದ್ದಳು.

ಮೂರು ತಿಂಗಳು ಸುಸೂತ್ರವಾಗಿ ನಡೆಯಿತು. ಒಂದು ಮಂಗಳವಾರ ಸಂಜೆ ಅತ್ತೆ ಮನೆಗೆ ಬಂದು ನೋಡುತ್ತಾಳೆ, ತಂಗಿ ಅಡುಗೆಮನೆಯ ಸ್ಟೂಲಿನ ಮೇಲೆ ಕೈಚೀಲ ತಬ್ಬಿಕೊಂಡು ಕೂತಿದ್ದಾಳೆ. ಮುಂದೆ ಇಟ್ಟ ಚಹಾಕ್ಕೆ ಕೆನೆ ಕಟ್ಟಿದೆ.

"ನನ್ನ ಕೆಲಸ ಹೋಯ್ತು ಅನ್ಕೋ ಅಕ್ಕ. ಇವತ್ತು ಬೆಳಗ್ಗೆ ಹತ್ತೊಂಬತ್ತು ಜನರ ಕಡತ ಅಳಿಸಿಬಿಟ್ಟಿದೀನಂತೆ. ನಾಳೆ ಹತ್ತು ಗಂಟೆಗೆ ಸೂಪರಿಂಟೆಂಡೆಂಟ್ ಕರೆದಿದಾರೆ. ಇದೆಲ್ಲ ನನ್ನ ತಲೆಗೆ ಹತ್ತೋದಲ್ಲ ಅಂತ ಆವತ್ತೇ ಬಡ್ಕೊಂಡೆ."

"ಅಳಿಸಿಬಿಟ್ಯಾ! ಏನು ಒತ್ತಿದೆಯೇ ಮಾರಾಯ್ತಿ?"

"ನೀನು ಬರೆದದ್ದೇ. 'ರೋಗಿಯ ಕಡತ ಬೇಕಾದರೆ ತೆಗೆ ಎಂಬ ಗುಂಡಿ ಒತ್ತಿ.' ಒತ್ತಿದೆ. 'ಖಂಡಿತ ತೆಗೆಯಬೇಕೆ?' ಅಂತ ಕೇಳ್ತು. ತೆಗೀಲೇಬೇಕಲ್ಲ, ಡಾಕ್ಟರು ಕಾಯ್ತಿದಾರೆ! ಹೌದು ಅಂದೆ. ಕಡತ ಮಾಯ ಆಯ್ತು. ಹೊಸ ಸಾಫ್ಟ್‌ವೇರು, ತೆಗೆದು ಸೀದಾ ಡಾಕ್ಟರ ಕೋಣೆಗೇ ಕಳಿಸ್ತು ಅಂದ್ಕೊಂಡೆ. ನಾನೇ ಎಲ್ಲೋ ತಪ್ಪು ಓದಿರ್ಬೇಕು."

ಅತ್ತೆಗೆ ಆಗ ಹೊಳೆಯಿತು. ಬಾಗಿಲು ತೆಗೆ ಅಂದರೆ ತೆರೆ. ದಾರಿಯ ಕಲ್ಲು ತೆಗೆ ಅಂದರೆ ಎತ್ತಿ ಆಚೆ ಹಾಕು. ಒಂದೇ ಮಾತು. ತಂಗಿ ಓದಿದ್ದರಲ್ಲಿ ತಪ್ಪಿರಲಿಲ್ಲ.

ಅಲ್ಲೇ ನಿಂತು ಕತ್ತರಿಗೆ ಫೋನ್ ಮಾಡಿದಳು. ಕೋಡ್ ಬರೆಯುವವರಲ್ಲಿ ಹಿರಿಯ ಅವನು, ನರೆತ ಗಡ್ಡದವನು. ಉದ್ದ ಕೋಡ್ ಕಂಡರೆ ಕತ್ತರಿಸದೆ ಅನ್ನ ಸೇರದು, ಹಾಗಾಗಿ ಆ ಹೆಸರು.

"ಹೌದು ಅತ್ತೆ. ತೆರೆ, ತೆಗೆ, ನೋಡು ಅಂತ ಒಂದೇ ಕೆಲಸಕ್ಕೆ ಮೂರು ಗುಂಡಿ ಇದ್ವು. ನೋಡು ಒಂದನ್ನ ಉಳಿಸ್ಕೊಂಡು, ಅಳಿಸೋ ಗುಂಡಿಗೆ ತೆಗೆ ಅಂತ ಹೆಸರಿಟ್ಟೆ. ಚಿಕ್ಕದು, ಚೊಕ್ಕದು. ಇವತ್ತು ಬೆಳಗ್ಗೆ ಆಸ್ಪತ್ರೆಗಳಿಗೆ ಹೋಗಿದೆ. ನಾಲ್ಕನೇ ತಾರೀಕೇ ನಿಮಗೆ ಬರೆದು ಕಳಿಸಿದ್ನಲ್ಲ!"

ಕಳಿಸಿದ್ದ. ಮೂವತ್ತೇಳು ಪತ್ರಗಳ ನಡುವೆ ಅದೂ ಬಿದ್ದಿತ್ತು, ತಿಂಗಳ ಕೊನೆಯ ವಾರಕ್ಕೆ ಕಾಯುತ್ತ. ಈ ಹದಿನೈದು ದಿನ ಅವಳು ಹಳೆಯ ಪುಟಗಳ ಅಲ್ಪವಿರಾಮ ತಿದ್ದುತ್ತಿದ್ದಳು. ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಕಡತ ವಾಪಸ್ ಬರುತ್ತೇನಪ್ಪಾ?"

"ಬರದೆ ಏನು? ಮೂವತ್ತು ದಿನ ಕಸದ ಬುಟ್ಟೀಲಿ ಇರುತ್ತೆ. ಈಗಲೇ ತಂದು ಹಾಕ್ತೀನಿ."

ಕಡತಗಳು ಉಳಿದವು. ಉಳಿಯಬೇಕಾದವಳು ತಂಗಿ. ಅತ್ತೆ ಮುಖ್ಯಸ್ಥನಿಗೆ ಫೋನ್ ಮಾಡಿ, ತಪ್ಪು ಪುಟದ್ದೆಂದು ಆಸ್ಪತ್ರೆಗೆ ಬರೆದುಕೊಡುತ್ತೇನೆ ಎಂದಳು.

"ಬೇಡ ಮೇಡಂ! ಕಡತ ಬಂತಲ್ಲ, ಬಳಸೋರ ತಪ್ಪು ಅಂತ ಅಲ್ಲಿಗೇ ಮುಗೀತು. ನೀವು ಹೋಗಿ ಇಲ್ಲದ ರಗಳೆ ಮೈಮೇಲೆ ಎಳ್ಕೋಬೇಡಿ. ಆಸ್ಪತ್ರೆ ಕೈ ಬಿಟ್ಟುಹೋದ್ರೆ ಮೊದಲು ಹೋಗೋದು ನಿಮ್ಮ ಕುರ್ಚಿ."

"ಆ ಬಳಸೋಳು ನನ್ನ ತಂಗಿ ಸಾರ್."

"ಓಹೋ... ಹಾಗಾ ವಿಷಯ."

"ಯಾರೋ ಆಗಿದ್ರೂ ಪುಟ ನಂದೇ," ಎಂದು ಫೋನಿಟ್ಟಳು. ಕುರ್ಚಿಯ ಆಸೆ ಯಾರಿಗಿಲ್ಲ? ಆದರೆ ಸ್ಟೂಲಿನ ಮೇಲೆ ಕೂತವಳ ಮುಖ ನೋಡಿದ ಮೇಲೆ ಅವಳಿಗೆ ಬೇರೆ ಯೋಚನೆ ಬರಲಿಲ್ಲ.

ಮರುದಿನ ಹತ್ತಕ್ಕೆ ಅಕ್ಕತಂಗಿಯರು ಸೂಪರಿಂಟೆಂಡೆಂಟ್ ಕೋಣೆಯಲ್ಲಿದ್ದರು. ಮೇಜಿನ ಹಿಂದೆ ಡಾಕ್ಟರಮ್ಮ, ಮೂಗಿನ ತುದಿಗೆ ಜಾರಿದ ಕನ್ನಡಕ. ತಪ್ಪು ಪುಟದ್ದು, ತಂಗಿಯದಲ್ಲ ಎಂದು ಅತ್ತೆ ಬಾಯಿ ತೆರೆಯುತ್ತಲೇ ಅವರು ಅಂದರು: "ನೀವು ಇವರ ಅಕ್ಕ. ಇವರ ಪರ ಮಾತಾಡದೆ ಇನ್ನೇನು ಮಾಡ್ತೀರಿ? ಓದೋಕೆ ಬರೋ ಯಾರಾದ್ರೂ ಹತ್ತೊಂಬತ್ತು ಕಡತ ಅಳಿಸ್ತಾರಾ?"

ತಂಗಿ ತಲೆ ತಗ್ಗಿಸಿದಳು. ಅತ್ತೆಗೆ ಸಿಟ್ಟೂ ಬಂತು, ಅಳುವೂ ಬಂತು; ಎರಡನ್ನೂ ನುಂಗಿದಳು.

"ನನ್ನ ಮಾತು ನಂಬೋದು ಬೇಡ ಡಾಕ್ಟ್ರೇ. ಅಭ್ಯಾಸಕ್ಕೆ ಅಂತ ಇಟ್ಟಿರೋ ಸುಳ್ಳು ರೋಗಿ ಒಬ್ಬ ಇದಾನಲ್ಲ, ಇವಳ ಗೋಡೆ ಮೇಲಿದ್ದ ಈ ಪುಟ ನೋಡ್ಕೊಂಡು ಅವನ ಕಡತ ಒಂದ್ಸಲ ನೀವೇ ತೋರ್ಸಿ."

ಡಾಕ್ಟರಮ್ಮ ಕನ್ನಡಕ ಮೇಲಕ್ಕೆ ತಳ್ಳಿ ಪುಟ ಓದಿದರು. ಮೌಸ್ ಹಿಡಿದರು. ತೆಗೆ ಒತ್ತಿದರು. ಖಂಡಿತ ತೆಗೆಯಬೇಕೆ ಎಂದು ಪರದೆ ಕೇಳಿತು. "ಮತ್ತೆ? ಅದಕ್ಕೇ ತಾನೇ ಒತ್ತಿದ್ದು," ಎಂದು ಗದರಿಕೊಂಡೇ ಹೌದು ಒತ್ತಿದರು.

"ಅಯ್ಯೋ! ಎಲ್ಲಿ ಹೋಯ್ತು?"

ಡಾಕ್ಟರಮ್ಮ ಪುಟವನ್ನೊಮ್ಮೆ, ಪರದೆಯನ್ನೊಮ್ಮೆ ನೋಡಿ, ತಮ್ಮಷ್ಟಕ್ಕೇ ನಕ್ಕರು.

"ಇಪ್ಪತ್ತನೇದು ನಂದು ಅಂತ ಬರ್ಕೊಳ್ಳಿ," ಎಂದು ತಂಗಿಯ ಕಡೆ ತಿರುಗಿದರು. "ನೀವಿನ್ನೂ ಇಲ್ಲೇ ನಿಂತಿದೀರಲ್ಲಮ್ಮ? ಕೌಂಟರ್ ಮುಂದೆ ಸಾಲು ಬಾಗಿಲವರೆಗೂ ಬಂದಿದೆ, ಹೋಗಿ ಹೋಗಿ." ತಂಗಿ ಓಡಿದಳು. "ಮತ್ತೆ ಹೀಗಾಗದ ಹಾಗೆ ಏನು ಮಾಡ್ತೀರಿ ಅಂತ ನೀವು ಬರೆದುಕೊಡಿ," ಎಂದು ಡಾಕ್ಟರಮ್ಮ ಅತ್ತೆಗೆ ಹೇಳಿದರು.

ಅತ್ತೆ ಅಲ್ಲೇ ಕೂತು ಬರೆದಳು. ಕೋಡ್ ಬದಲಾದರೆ, ಅದರ ಪುಟವೂ ಅದೇ ಕಟ್ಟಿನಲ್ಲಿ ಬದಲಾಗಿ ಬರಬೇಕು. ಪುಟ ಬರದಿದ್ದರೆ ಕೋಡನ್ನೂ ಒಳಗೆ ಬಿಡುವುದಿಲ್ಲ. ಬಂದ ಪುಟವನ್ನು ಆಸ್ಪತ್ರೆಯ ಕೌಂಟರಿನವರೊಬ್ಬರು ಓದಿ, ಒತ್ತಿ ನೋಡಿ, ಸರಿ ಅನ್ನಬೇಕು. ಯಾರು ಓದುತ್ತಾರೆ ಎಂದು ಡಾಕ್ಟರಮ್ಮ ಕೇಳಿದರು. "ಅವಳೇ," ಎಂದು ಅತ್ತೆ ಖಾಲಿ ಬಾಗಿಲ ಕಡೆ ಕೈ ತೋರಿಸಿದಳು.

ಆಸ್ಪತ್ರೆಗೆ ಬರೆದುಕೊಟ್ಟದ್ದನ್ನು ತಳ್ಳಿಹಾಕಲಾಗದೆ ಮುಖ್ಯಸ್ಥ ಎರಡು ವಾರ ಮುಖ ಗಂಟಿಕ್ಕಿಕೊಂಡು ಓಡಾಡಿದ. ಆಸ್ಪತ್ರೆ ಕೈಬಿಡಲಿಲ್ಲ, ಕುರ್ಚಿಯೂ ಹೋಗಲಿಲ್ಲ; ತೆಗೆ ಗುಂಡಿಗೆ ಅಳಿಸು ಎಂದು ಹೆಸರು ಬಿತ್ತು. ಹೊಸ ನಿಯಮಕ್ಕೆ ಮೊದಲು ಸಿಕ್ಕಿಬಿದ್ದವನು ಕತ್ತರಿ. ಪುಟವಿಲ್ಲದ ಅವನ ಕೋಡ್ ಎರಡು ಸಲ ವಾಪಸಾಯಿತು. "ಅತ್ತೆಗೊಂದು ಕಾಲ ಅಂತಾರಲ್ಲ, ಅದು ಬಂದೇಬಿಡ್ತು," ಎನ್ನುತ್ತ ಮೂರನೇ ಸಲ ಪುಟವನ್ನೂ ತಾನೇ ಬರೆದು ತಂದ. ಒತ್ತಕ್ಷರಗಳ ಪಾಡು ಕೇಳಬೇಡಿ. ಅತ್ತೆ ಹಲ್ಲು ಕಚ್ಚಿಕೊಂಡು ತಿದ್ದಿದಳು, ಮನಸ್ಸಿನಲ್ಲಿ ಮಾತ್ರ ಹಿಗ್ಗಿದಳು.

ತಂಗಿಯ ಆರು ತಿಂಗಳು ಮುಗಿದು ಕೆಲಸ ಕಾಯಂ ಆಯಿತು. ಅದಾಗಿ ಒಂದು ವಾರಕ್ಕೆ ಹೊಸ ಪುಟವೊಂದು ಅವಳ ಕೈಗೆ ಹೋಗಿತ್ತು. ಮಧ್ಯಾಹ್ನ ಫೋನ್ ಬಂತು.

"ಅಕ್ಕ, ಏಳನೇ ಸಾಲು ತಪ್ಪು."

"ಇಲ್ವೇ, ನಾನೇ ಎರಡು ಸಲ ನೋಡಿದೀನಿ. ಇನ್ನೊಂದ್ಸಲ ನಿಧಾನವಾಗಿ ಓದು."

"ನಾನು ಸರಿಯಾಗೇ ಓದಿದೀನಿ. ನಿಧಾನವಾಗಿ ಓದ್ಬೇಕಾಗಿರೋದು ನೀನು."

ಹುಟ್ಟಿದಂದಿನಿಂದ ತಂಗಿ ಅಕ್ಕನಿಗೆ ಹೀಗೆ ಎದುರು ಹೇಳಿದ್ದು ಇದೇ ಮೊದಲು. ಅತ್ತೆ ಏಳನೇ ಸಾಲು ಓದಿದಳು, ಪರದೆ ನೋಡಿದಳು, ಮತ್ತೆ ಓದಿದಳು. ತಂಗಿ ಹೇಳಿದ್ದೇ ಸರಿ.

"ಇರು, ತಿದ್ದಿ ಕಳಿಸ್ತೀನಿ," ಎಂದು ಅತ್ತೆ ಆ ಸಾಲನ್ನು ಆಗಲೇ ಅಳಿಸತೊಡಗಿದಳು.

"ಬೇಗ ಕಳಿಸು, ನನಗೆ ಕೆಲಸ ಇದೆ," ಎಂದು ತಂಗಿ ಫೋನಿಟ್ಟಳು.